ನೂರ ಎಂಬತ್ತು ಡಿಗ್ರಿ

ದೋಣಿ ಅಪಘಾತದ ವರದಿಯ ನಕಲು ಮನೆಗೆ ಬಂದದ್ದು ಸೋಮವಾರ ಮಧ್ಯಾಹ್ನ, ಊಟದ ಹೊತ್ತಿಗೆ. ಭಾವ ಅದನ್ನು ಮೇಜಿನ ಮೇಲೆ ಹರಡಿಕೊಂಡು, ತಟ್ಟೆಯನ್ನು ಮೊಣಕೈಯಿಂದಲೇ ಪಕ್ಕಕ್ಕೆ ತಳ್ಳಿ, ಏಳನೇ ಪುಟದ ಒಂದೇ ಸಾಲನ್ನು ಮೂರು ಸಲ ಗಟ್ಟಿಯಾಗಿ ಓದಿದ. ‘ಘಟನೆಯ ವೇಳೆ ಅಳಿವೆಯ ಬಾಯಲ್ಲಿ ಅಲೆಗಳ ಎತ್ತರ ಒಂದು ಮೀಟರ್ ಹತ್ತು ಸೆಂಟಿಮೀಟರ್ ಇದ್ದುದಾಗಿ ಗಣಿತ ಮಾದರಿಯಿಂದ ತಿಳಿದುಬಂದಿದೆ.’ ಮೊದಲ ಸಲ ಓದುವಾಗ ಅವನ ಧ್ವನಿ ನೆಟ್ಟಗಿತ್ತು. ಮೂರನೇ ಸಲ ಓದಿ ಆ ಸಾಲಿನ ಮೇಲೆ ಉಗುರಿನಿಂದ ಗೀರಿದ.

“ಆ ಬಾಗಿಲು ನೋಡು,” ಅಂದ ಅಕ್ಕನಿಗೆ. “ಚೌಕಟ್ಟಿನ ಮೇಲಿನ ಪಟ್ಟಿ ಇದೆಯಲ್ಲ, ಅದಕ್ಕಿಂತ ಎರಡು ಮೊಳ ಮೇಲಿತ್ತು ನೀರು. ಇವರಿಗೆ ಒಂದು ಮೀಟರ್ ಅಂತೆ. ಒಂದು ಮೀಟರ್ ನೀರಲ್ಲಿ ನಮ್ಮ ಮಗು ಸ್ನಾನ ಮಾಡುತ್ತೆ.”

ಅಕ್ಕ ಬಾಗಿಲನ್ನು ನೋಡಲಿಲ್ಲ. ಈ ಮೂರು ವಾರಗಳಲ್ಲಿ ಅವಳು ಆ ಬಾಗಿಲನ್ನು ಸಾಕುಸಾಕೆನ್ನುವಷ್ಟು ನೋಡಿಯಾಗಿತ್ತು.

ನೀರಿನ ಜಗ್ಗು ಹಿಡಿದು ಗೋಡೆಗೆ ಒತ್ತಿಕೊಂಡು ನಿಂತಿದ್ದ ಪಿಳಿ ಮಾತ್ರ ನೋಡಿದಳು. ಪಿಳಿ ಎಂಬುದು ಭಾವ ಇಟ್ಟ ಹೆಸರು. ಅವನು ಮೊದಲ ಸಲ ಅವರ ಮನೆಗೆ ಬಂದ ದಿನ ಬಾಗಿಲ ಸಂದಿಯಲ್ಲಿ ಎರಡು ಕಣ್ಣುಗಳು ಪಿಳಿಪಿಳಿ ಅನ್ನುತ್ತಿದ್ದವಂತೆ, ಮೈ ಕೈ ಏನೂ ಕಾಣಿಸಲಿಲ್ಲವಂತೆ. ಅವಳಿಗೆ ಈಗ ಇಪ್ಪತ್ತೊಂದು. ಆದರೂ ನಾಲ್ಕು ಜನರ ಮುಂದೆ ನಿಂತರೆ ಗಂಟಲಿಗೆ ಯಾರೋ ಬಿರಡೆ ಜಡಿದಂತಾಗುತ್ತಿತ್ತು. ಎಂಟನೇ ತರಗತಿಯಲ್ಲಿ ಎದ್ದು ನಿಂತು ಪಾಠ ಓದು ಎಂದಾಗ ಧ್ವನಿ ಹೊರಡದೆ, ಇಡೀ ತರಗತಿ ನಕ್ಕು, ಮರುದಿನದಿಂದ ಅವಳು ಶಾಲೆಯ ದಾರಿಯನ್ನೇ ಬಿಟ್ಟಿದ್ದಳು. ಬಂದರಿನ ಅಲೆ ಮುನ್ಸೂಚನೆ ಕಚೇರಿಯಲ್ಲಿ ಗುಡಿಸಿ ಒರೆಸುವ ಕೆಲಸಕ್ಕೆ ಸೇರಿಸಿದವನು ಭಾವನೇ. ಅಲ್ಲಿ ಕೀಲಿಮಣೆ ಒರೆಸುತ್ತ ಒರೆಸುತ್ತ ಟೈಪು ಕಲಿತಳು. ಟೈಪು ಮಾಡುತ್ತ ಉಳಿದದ್ದೆಲ್ಲ ನೋಡಿ ಕಲಿತಳು. ನೋಡುವುದಕ್ಕೆ ಬಾಯಿ ಬೇಕಾಗಿರಲಿಲ್ಲ.

ಏಳನೇ ಪುಟದ ಆ ಅಂಕಿ ಬಂದದ್ದು ಅವಳ ಕಚೇರಿಯಿಂದ. ಅಷ್ಟೇ ಆಗಿದ್ದರೂ ಸಹಿಸಬಹುದಿತ್ತು. ಆ ದಿನ ಬೆಳಗ್ಗೆ ಏಳಕ್ಕೆ ಜೆಟ್ಟಿಯ ಕಪ್ಪು ಹಲಗೆಯ ಮೇಲೆ ಸುಣ್ಣದಕಡ್ಡಿಯಿಂದ 1.1 ಎಂದು ಬರೆದವಳೂ ಅವಳೇ. ಪಕ್ಕದಲ್ಲಿ ನಿಂತಿದ್ದ ಭಾವ, ದಿನವೂ ಕೆಣಕುವಂತೆ, “ಪಿಳಿ, ನಿನ್ನ ಒಂದು ಯಾವಾಗ್ಲೂ ಸೊಟ್ಟ. ಗಾಳಿಗೆ ಬಾಗಿದೆಯೇನೋ ಅನ್ನಿಸುತ್ತೆ,” ಅಂದಿದ್ದ. ಇಂಜಿನ್ ನೋಡಿಕೊಳ್ಳುವ ಮೆಕ್ಯಾನಿಕ್ ನಕ್ಕಿದ್ದ. ಆಮೇಲೆ ಇಬ್ಬರೂ ಪೈಲಟ್ ದೋಣಿ ಹತ್ತಿದ್ದರು. ದೊಡ್ಡ ಹಡಗುಗಳಿಗೆ ದಾರಿ ತೋರಿಸುವ ಪೈಲಟ್‌ನನ್ನು ಹಡಗಿಗೆ ಬಿಟ್ಟು, ಮತ್ತೆ ಕರೆತರುವ ದೋಣಿ ಅದು. ಭಾವ ಅದರ ಚಾಲಕ. ಹೊರಗೆ ಒಂದು ಹಡಗಿನಲ್ಲಿ ಪೈಲಟ್ ಕಾಯುತ್ತಿದ್ದ. ನದಿ ಸಮುದ್ರಕ್ಕೆ ಬೀಳುವ ಅಳಿವೆಯ ಬಾಯಲ್ಲಿ, ನೀರು ಇಳಿಯುವ ಹೊತ್ತಿನಲ್ಲಿ, ದೋಣಿ ಹಿಂದುಮುಂದಾಗಿ ಮಗುಚಿತು. ಭಾವ ಸಿಕ್ಕ. ಮೆಕ್ಯಾನಿಕ್ ಸಿಕ್ಕಿದ್ದು ಎರಡು ದಿನದ ಮೇಲೆ.

ಒಂದು ಮೀಟರ್ ಅಲೆಗೆ ಅಂಥ ದೋಣಿ ಮಗುಚುವುದಿಲ್ಲ ಎನ್ನುವುದು ವರದಿಯ ವಾದ. ಮಗುಚಿತು ಎಂದಾದರೆ ಚಾಲಕ ಅದನ್ನು ಅಲೆಗೆ ಅಡ್ಡ ತಿರುಗಿಸಿರಬೇಕು, ಇಲ್ಲವೇ ಮೈಮೇಲೆ ಎಚ್ಚರ ಇರಲಿಲ್ಲ. ಎಚ್ಚರ ಇರಲಿಲ್ಲ ಎಂಬ ಮಾತಿಗೆ ಬೀದಿಯವರು ತಮಗೆ ಬೇಕಾದ ಬಣ್ಣ ಬಳಿದುಕೊಂಡಿದ್ದರು. ಎಂಟು ವರ್ಷದಿಂದ ಹನಿ ಮುಟ್ಟದವನನ್ನು ಈಗ ಅಂಗಡಿಯವನೂ ಮೂಸಿ ನೋಡುವವನಂತೆ ಹತ್ತಿರ ಬಂದು ಮಾತಾಡಿಸುತ್ತಿದ್ದ. ಮೆಕ್ಯಾನಿಕ್‌ನ ಹೆಂಡತಿ ಎರಡು ಮನೆ ಆಚೆ ಇದ್ದವಳು, ಇವರ ಮನೆ ಮುಂದೆ ಹಾಯಬೇಕಾದೀತೆಂದು ಸುತ್ತುದಾರಿ ಹಿಡಿದು ಹೋಗುತ್ತಿದ್ದಳು. ಗುರುವಾರ ವಿಚಾರಣೆ. ಅಲ್ಲಿ ಆ ಅಂಕಿ ನಿಂತರೆ ಭಾವ ಸುಳ್ಳುಗಾರ, ಜೊತೆಗಾರನನ್ನು ಕೊಂದವನು. ಬಿದ್ದರೆ ಮಾತ್ರ ಅವನು ಮನುಷ್ಯ.

ಪಿಳಿಗೆ ಸಿಟ್ಟು ಬಂತು. ಅವಳ ಕೋಪ ಬೇರೆಯವರ ಕೋಪದಂತೆ ಬಾಯಿಗೆ ಬರುವುದಲ್ಲ; ಕೈಗೆ ಬರುತ್ತಿತ್ತು. ಜಗ್ಗನ್ನು ಮೇಜಿನ ಮೇಲೆ ಕುಕ್ಕಿದಳು. ಮೂವರೂ ಬೆಚ್ಚಿದರು, ಅವಳೂ ಸೇರಿ.

ಕಚೇರಿಯಲ್ಲಿ ಸಮುದ್ರವನ್ನು ಲೆಕ್ಕ ಹಾಕುತ್ತಿದ್ದ ಬಗೆ ಹೀಗೆ. ಕಂಪ್ಯೂಟರಿನಲ್ಲಿ ಅಳಿವೆಯನ್ನೂ ಅದರ ಆಚೆಯ ಸಮುದ್ರವನ್ನೂ ಚೌಕಚೌಕವಾಗಿ ಕತ್ತರಿಸಿಟ್ಟಿದ್ದರು, ನೆಲದ ಟೈಲ್ಸ್ ಹಾಗೆ. ಹೊರಸಮುದ್ರದಲ್ಲಿ ಲಂಗರು ಹಾಕಿ ತೇಲಿಬಿಟ್ಟ ಹಳದಿ ಯಂತ್ರವೊಂದು ಅಲೆಗಳ ಎತ್ತರ, ದಿಕ್ಕು ಹೇಳುತ್ತಿತ್ತು. ಅಳಿವೆಯ ತಳದಲ್ಲಿ ಮುಳುಗಿಸಿಟ್ಟ ಇನ್ನೊಂದು ಯಂತ್ರ ನೀರಿನ ಸೆಳೆತ ಎಷ್ಟು ಜೋರು, ಯಾವ ಕಡೆಗೆ ಎಂದು ಹೇಳುತ್ತಿತ್ತು. ಎರಡನ್ನೂ ಊಡಿಸಿದರೆ ಕಂಪ್ಯೂಟರ್ ಒಂದೊಂದು ಚೌಕಕ್ಕೂ ಅಲೆಯನ್ನು ದಾಟಿಸಿಕೊಂಡು ಬಂದು, ಅಳಿವೆಯ ಬಾಯಲ್ಲಿ ಅದು ಎಷ್ಟಾಗುತ್ತದೆಂದು ನಲವತ್ತು ನಿಮಿಷದಲ್ಲಿ ತಿಳಿಸುತ್ತಿತ್ತು. ಅಳಿವೆಯ ಬಾಯಲ್ಲೇ ಅಲೆ ಅಳೆಯುವ ಯಂತ್ರ ಇರಲಿಲ್ಲ. ಹಿಂದೆ ಅಲ್ಲಿ ಇಟ್ಟಿದ್ದ ಎರಡು ಯಂತ್ರಗಳನ್ನೂ ಸಮುದ್ರ ಒಡೆದು ಹಾಕಿತ್ತು. ಅಲ್ಲಿನ ಸತ್ಯ ಹೇಳುವುದಕ್ಕೆ ಇದ್ದದ್ದು ಲೆಕ್ಕ ಒಂದು, ದೋಣಿಯವರ ಕಣ್ಣು ಒಂದು.

ಲೆಕ್ಕದಲ್ಲಿ ಸೆಳೆತಕ್ಕೂ ಒಂದು ಕಾಲಂ ಇತ್ತು, ಆದರೆ ಮೊದಲು ಅಲೆಯನ್ನಷ್ಟೇ ಹಾಕುತ್ತಿದ್ದರು. ಸೆಳೆತವನ್ನು ದೋಣಿಯವರು ತಮ್ಮ ತಲೆಯಲ್ಲೇ ಕೂಡಿಸಿ ಕಳೆದುಕೊಳ್ಳುತ್ತಿದ್ದರು. ವರ್ಷದ ಹಿಂದೆ ಹೊಸದಾಗಿ ಬಂದ ಡಾಕ್ಟರು ಅಲೆ ಮತ್ತು ಸೆಳೆತ ಎರಡನ್ನೂ ಒಟ್ಟಿಗೆ ಕಟ್ಟುತ್ತೇನೆಂದು ಹೊರಟರು. ಅವರು ಸಂಶೋಧನೆಯ ಡಾಕ್ಟರು. ಬಂದ ವಾರವೇ ಮೆಕ್ಯಾನಿಕ್ ತನ್ನ ಊದಿದ ಮಂಡಿ ತೋರಿಸಲು ಪ್ಯಾಂಟು ಮಡಚಿಕೊಂಡು ಬಂದು ನಿಂತಿದ್ದ. ನಾನು ಆ ಥರದ ಡಾಕ್ಟರ್ ಅಲ್ಲ ಎಂದು ಅವರು ಹೇಳಿದಾಗ, “ಹಾಗಾದ್ರೆ ಯಾರಿಗೆ ಡಾಕ್ಟ್ರು? ಸಮುದ್ರಕ್ಕಾ? ಅದಕ್ಕೇನು ಕಾಯಿಲೆ?” ಎಂದು ಕೇಳಿ ಇಡೀ ಕಚೇರಿಯನ್ನು ನಗಿಸಿದ್ದ. ಡಾಕ್ಟರು ನಕ್ಕಿರಲಿಲ್ಲ. ಅವರು ಅಚ್ಚುಕಟ್ಟಿನ ಮನುಷ್ಯ. ಪೆನ್ನುಗಳನ್ನು ಬಣ್ಣದ ಪ್ರಕಾರ ಜೋಡಿಸಿಡುತ್ತಿದ್ದರು. ನಾಲ್ಕು ತಿಂಗಳ ಹಿಂದೆ ಹೊಸ ಲೆಕ್ಕ ಶುರುವಾದಾಗ ಪತ್ರಿಕೆಯಲ್ಲಿ ಅವರ ಫೋಟೊ ಬಂತು, ಬಂದರಿನಲ್ಲಿ ಹೊಸ ಸುತ್ತೋಲೆಯೂ ಬಂತು: ಹಲಗೆಯ ಮೇಲೆ ಒಂದೂವರೆ ಮೀಟರಿಗಿಂತ ಕಡಿಮೆ ಇದ್ದರೆ ಪೈಲಟ್ ದೋಣಿ ಹೊರಡಲೇಬೇಕು. ಒಮ್ಮೆ ಭಾವ ನೀರು ನೋಡಿ ಹೊರಡಲಿಲ್ಲ. ಅದಕ್ಕೆ ಸಿಕ್ಕ ಮೆಮೊ ಇನ್ನೂ ಮನೆಯ ಬೀರುವಿನೊಳಗಿತ್ತು.

ನೂರ ಎಂಬತ್ತು ಹುಟ್ಟಿದ್ದೂ ಆಗಲೇ. ಕಾಲಂಗಳನ್ನು ನೋಡುತ್ತ ಡಾಕ್ಟರು ಮುಖ ಸಿಂಡರಿಸಿದ್ದರು. ಅಲೆಯ ಯಂತ್ರ ಅಲೆ ಎಲ್ಲಿಂದ ಬರುತ್ತಿದೆ ಎಂಬುದನ್ನು ಹೇಳುತ್ತದೆ. ಸೆಳೆತದ ಯಂತ್ರ ನೀರು ಎಲ್ಲಿಗೆ ಹೋಗುತ್ತಿದೆ ಎಂಬುದನ್ನು ಹೇಳುತ್ತದೆ. ಪಕ್ಕಪಕ್ಕದ ಎರಡು ಕಾಲಂ ಎರಡು ದಾರಿ ಹಿಡಿದರೆ ತನಗೆ ತಲೆನೋವು ಎಂದರು. ಸೆಳೆತದ ಪ್ರತಿ ಅಂಕಿಗೂ ನೂರ ಎಂಬತ್ತು ಡಿಗ್ರಿ ಸೇರಿಸು, ಎರಡೂ ‘ಎಲ್ಲಿಂದ’ ಎಂದೇ ಇರಲಿ ಎಂದರು. ಪಿಳಿ ಸೇರಿಸಿದಳು. ದಿನವೂ, ನಾಲ್ಕು ತಿಂಗಳು.

ಮೊದಲ ವಾರವೇ ಅವಳಿಗೆ ಪರದೆಯ ಮೇಲಿನ ಬಾಣಗಳು ಕಣ್ಣಿಗೆ ಚುಚ್ಚಿದ್ದವು. ನೀರು ಇಳಿಯುವ ಹೊತ್ತು. ಕಿಟಕಿಯಾಚೆ ನದಿ ಕಸಕಡ್ಡಿ ಹೊತ್ತು ಸಮುದ್ರಕ್ಕೆ ಓಡುತ್ತಿತ್ತು. ಪರದೆಯ ಮೇಲೆ ಬಾಣಗಳೆಲ್ಲ ಸಮುದ್ರದಿಂದ ನದಿಯೊಳಗೆ ಓಡುತ್ತಿದ್ದವು. ಧೈರ್ಯ ಒಟ್ಟುಗೂಡಿಸಿ, ಚಹಾದ ಹೊತ್ತಿನಲ್ಲಿ, ಬಾಣ ತಿರುಗಾಮುರುಗಾ ಇದೆ ಸರ್ ಅಂದಿದ್ದಳು. ಡಾಕ್ಟರು ಲೋಟದಿಂದ ತಲೆ ಎತ್ತದೆ, “ಬಾಣ ನೋಡೋ ಕೆಲಸ ನನ್ನದು, ಅಂಕಿ ಒತ್ತೋ ಕೆಲಸ ನಿನ್ನದು. ಬದಲಾಯಿಸಿಕೊಳ್ಳೋಣ್ವಾ?” ಅಂದರು. ಸುತ್ತ ಇದ್ದವರು ನಕ್ಕರು. ಎಂಟನೇ ತರಗತಿಯ ಅದೇ ನಗು. ಅವಳು ಖಾಲಿ ಲೋಟಗಳನ್ನು ಎತ್ತಿಕೊಂಡು ತೊಳೆಯಲು ಹೋದಳು. ಮತ್ತೆ ಆ ಮಾತು ಎತ್ತಲಿಲ್ಲ.

ಆಮೇಲೆ ದೋಣಿಯವರು ಗೊಣಗಲು ಶುರುಮಾಡಿದರು. ಹಲಗೆಯವರು ನೀರನ್ನು ಕಾಲು ಮೇಲೆ ಮಾಡಿ ನೋಡುತ್ತಾರೆ, ಇಳಿತದಲ್ಲಿ ಸಮುದ್ರ ಹಲ್ಲು ಕಡಿಯುತ್ತಿದ್ದರೆ ಇವರು ಚಿಕ್ಕ ಅಂಕಿ ಬರೆಯುತ್ತಾರೆ, ಉಬ್ಬರದಲ್ಲಿ ಹಾಸಿಗೆ ಹಾಸಿದ ಹಾಗಿದ್ದರೆ ದೊಡ್ಡದು ಬರೆಯುತ್ತಾರೆ ಎಂದು ಆಡಿಕೊಂಡರು. ಡಾಕ್ಟರು ಅದನ್ನು ಕೇಳಿ, ಹೊಸದನ್ನು ಒಪ್ಪಿಕೊಳ್ಳುವುದಕ್ಕೆ ಜನಕ್ಕೆ ಸಮಯ ಬೇಕು ಎಂದರು.

ಮಂಗಳವಾರ ಪಿಳಿ ಎಂದಿನಂತೆ ಬೆಳಗ್ಗೆ ಆರಕ್ಕೆ ಕಚೇರಿಗೆ ಹೋದಳು. ಡಾಕ್ಟರು ಬರುವುದು ಹತ್ತಕ್ಕೆ. ಬೆಳಗಿನ ಲೆಕ್ಕವನ್ನು ಓಡಿಸುವವಳು ಅವಳೇ. ಹಲಗೆಯ ಕೆಲಸ ಮುಗಿಸಿ ಬಂದು, ಮೊದಲಿದ್ದ ಇಂಜಿನಿಯರರ ಮೇಜಿನ ಮುಂದೆ ನಿಂತಳು. ಅವರು ನಿವೃತ್ತರಾಗಿ ಹೋಗುವ ಮುಂಚೆ ಇಪ್ಪತ್ತು ವರ್ಷ ಕೂತ ಮೇಜು. ಮೇಜಿನ ಗಾಜಿನ ಕೆಳಗೆ ಅವರು ಸೇರಿಸಿಟ್ಟಿದ್ದ ಚೀಟಿಗಳ ಮೇಲೆ ಈಗ ದೊಡ್ಡದೊಂದು ಕ್ಯಾಲೆಂಡರ್ ಹಾಸಿತ್ತು. ಕ್ಯಾಲೆಂಡರ್ ಎತ್ತಿದಳು. ಧೂಳು ಒರೆಸುವಾಗ ಹಿಂದೆ ಎಷ್ಟೋ ಸಲ ಕಂಡಿದ್ದ ಚೀಟಿ ಅಲ್ಲೇ ಇತ್ತು, ಅಂಚು ಹಳದಿಯಾಗಿ, ಕೆಂಪು ಶಾಯಿಯಲ್ಲಿ: ‘ಅಲೆ, ಎಲ್ಲಿಂದ. ಸೆಳೆತ, ಎಲ್ಲಿಗೆ. ಲೆಕ್ಕ ಹೀಗೇ ಕೇಳುತ್ತದೆ. ಕೈ ಹಾಕಬೇಡಿ.’

ಕೈ ಹಾಕಬೇಡಿ. ಅವಳು ಆ ಎರಡು ಪದಗಳನ್ನು ನೋಡುತ್ತ ನಿಂತಳು. ಎಷ್ಟು ಸಲ ಇದರ ಮೇಲೆ ಒದ್ದೆ ಬಟ್ಟೆ ಆಡಿಸಿದ್ದಳು.

ಆ ದಿನದ ಕಡತ ತೆರೆದು ಅದರ ನಕಲು ಮಾಡಿದಳು. ಅಲೆಯ ದಿಕ್ಕು 270, ಅಂದರೆ ಪಡುವಣದಿಂದ. ಸೆಳೆತದ ದಿಕ್ಕು 88, ಅವಳು ನೂರ ಎಂಬತ್ತು ಸೇರಿಸಿ, 360 ದಾಟಿದ್ದರಿಂದ ಒಂದು ಸುತ್ತು ಕಳೆದ ಮೇಲಿನದು. ಮೂಡಣದಿಂದ ಬರುವ ನೀರು ಎಂದು ಡಾಕ್ಟರ ಮನಸ್ಸಿನಲ್ಲಿತ್ತು. ಮೂಡಣಕ್ಕೆ ಹೋಗುವ ನೀರು ಎಂದು ಲೆಕ್ಕಕ್ಕೆ ಅರ್ಥವಾಗಿತ್ತು. ಅಲೆಯೂ ನೀರೂ ಹೆಗಲ ಮೇಲೆ ಕೈ ಹಾಕಿಕೊಂಡು ಒಂದೇ ಕಡೆ ನಡೆದಂತೆ. ಹಾಗೆ ನಡೆದರೆ ಅಲೆ ಚಾಚಿಕೊಂಡು ತಗ್ಗುತ್ತದೆ. ಅವಳು ಕಾಲಂನಿಂದ ನೂರ ಎಂಬತ್ತನ್ನು ಕಿತ್ತಳು. ಯಂತ್ರ ಹೇಳಿದ್ದ 268 ಉಳಿಯಿತು. ಪಡುವಣದಿಂದ ಅಲೆ, ಪಡುವಣಕ್ಕೆ ಸೆಳೆತ: ಮುಖಕ್ಕೆ ಮುಖ. ಲೆಕ್ಕವನ್ನು ಓಡಬಿಟ್ಟು ಕೈಕಟ್ಟಿ ಕೂತಳು.

ಲೆಕ್ಕ ಏನು ಹೇಳುತ್ತದೆಂದು ಅವಳಿಗೆ ಗೊತ್ತಿತ್ತು. ನೆಲದ ಮೇಲಿನ ಚಾಪೆಯನ್ನು ಗೋಡೆಯ ಕಡೆಗೆ ತಳ್ಳಿದರೆ ಅದಕ್ಕೆ ಹೋಗಲು ಜಾಗವಿಲ್ಲದೆ ಮಡಿಕೆಯಾಗಿ ಮೇಲೆದ್ದು ನಿಲ್ಲುತ್ತದೆ. ಎದುರು ಸೆಳೆತ ಸಿಕ್ಕ ಅಲೆಯದೂ ಅದೇ ಪಾಡು. ಹಿಂದಿನಿಂದ ಬರುವ ಅಲೆಗಳು ಒಂದರ ಬೆನ್ನಿಗೆ ಒಂದು ಒತ್ತಿಕೊಂಡು, ಗಿಡ್ಡವಾಗಿ, ಕಡಿದಾಗಿ, ಎದ್ದು ನಿಂತು, ಮುರಿದು ಬೀಳುತ್ತವೆ. ಅಳಿವೆಯ ದಂಡೆಯಲ್ಲಿ ಬೆಳೆದ ಯಾರಿಗಾದರೂ ಇದು ಗೊತ್ತು. ಗೊತ್ತಿರುವವರನ್ನು ಯಾರೂ ಕೇಳಿರಲಿಲ್ಲ. ಗೊತ್ತಿದ್ದ ಅವಳು ಹೇಳಿರಲಿಲ್ಲ.

ನಲವತ್ತು ನಿಮಿಷದ ಮೇಲೆ ಅಳಿವೆಯ ಬಾಯ ಚೌಕಗಳು ಹಸಿರಿನಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ ತಿರುಗಿದವು. ಎರಡು ಮೀಟರ್ ತೊಂಬತ್ತು. ಬಾಗಿಲ ಪಟ್ಟಿಯ ಮೇಲೆ ಎರಡು ಮೊಳ. ಭಾವ ಟೇಪು ಹಿಡಿದು ಅಳೆದಿದ್ದನೇನೋ ಅನ್ನುವಂತೆ.

ಅವಳು ಚಿತ್ರವನ್ನು ಮುದ್ರಿಸಿ ಎತ್ತಿಕೊಳ್ಳುವಾಗ ಡಾಕ್ಟರು ಬಂದರು. ಇದನ್ನು ಮುಟ್ಟಲು ಯಾರು ಹೇಳಿದರು ಎಂದು ಕೇಳಿದರು. ಅವಳು ಗಾಜಿನ ಕೆಳಗಿನ ಚೀಟಿಯನ್ನು ತೋರಿಸಿದಳು. ಅವರು ಬಾಗಿ ಓದಿದರು. ಪರದೆ ನೋಡಿದರು. ಕಾಗದದ ಮೇಲೆ ಒಂದು ಬಾಣ ಬರೆದು, ಅದರ ಎದುರು ಇನ್ನೊಂದು ಬರೆದು, ಹೊಡೆದು ಹಾಕಿ, ಮತ್ತೆ ಬರೆದರು. ಅವರ ಕಿವಿಗಳು ಕೆಂಪಾದವು. ಆ ಒಂದು ಗಳಿಗೆ ಪಿಳಿಗೆ ಅವರ ಬಗ್ಗೆ ಅಯ್ಯೋ ಅನ್ನಿಸಿತು. ಆ ಅಯ್ಯೋವನ್ನು ಉಳಿಸಿಕೊಳ್ಳಲು ಅವರೇ ಬಿಡಲಿಲ್ಲ. ಎದ್ದು ಹೋಗಿ ಬಾಗಿಲು ಹಾಕಿ ಬಂದರು.

“ನೋಡಮ್ಮಾ, ನಿಮ್ಮ ಭಾವ ಉಳೀತಾರೆ,” ಅಂದರು. “ನಿನಗೆ ಬೇಕಾಗಿರೋದು ಅದು ತಾನೆ? ವಿಚಾರಣೆಗೆ ತಿದ್ದುಪಡಿ ಕೊಡ್ತೀನಿ. ‘ಅಂಕಿಗಳ ನಮೂದಿನಲ್ಲಿ ಲೋಪ’ ಅಂತ ಒಂದು ಸಾಲು. ಕೆಳಗೆ ನೀನೊಂದು ಸಹಿ ಹಾಕು.”

“ನಮೂದು ಮಾಡೋಳು ನಾನಲ್ವಾ ಸರ್.”

“ಅದಕ್ಕೇ ಹೇಳ್ತಿರೋದು. ನೀನು ದಿನಗೂಲಿಯವಳು, ಕಲಿತವಳಲ್ಲ, ಕೈತಪ್ಪು ಅಂದ್ರೆ ಎಲ್ಲರೂ ಒಪ್ತಾರೆ. ನನ್ನ ತಪ್ಪು ಅಂದ್ರೆ ಮಾಡೆಲ್ಲೇ ನಿಂತುಹೋಗುತ್ತೆ. ಒಂದು ವರ್ಷದ ಕೆಲಸ.”

ಅವರು ಅದನ್ನು ಬೆದರಿಕೆಯಾಗಿ ಹೇಳಲಿಲ್ಲ, ಮೃದುವಾಗಿ, ಜ್ವರ ಬಂದ ಮಗುವಿಗೆ ಔಷಧಿ ಕುಡಿಸುವವರ ಹಾಗೆ ಹೇಳಿದರು. ಅದೇ ಪಿಳಿಯ ಮೈಯೆಲ್ಲ ಉರಿಸಿತು. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದಳು. ಅವರು ಟೈಪು ಮಾಡಿ ಕೊಟ್ಟ ಹಾಳೆಯನ್ನು ಚಿತ್ರದ ಜೊತೆ ಮಡಚಿಕೊಂಡು, ಚೀಟಿಯನ್ನು ಗಾಜಿನಡಿಯಿಂದ ಎಳೆದುಕೊಂಡು ಹೊರಗೆ ಬಂದಳು.

ಮನೆಯಲ್ಲಿ ಚಿತ್ರವನ್ನು ಊಟದ ಮೇಜಿನ ಮೇಲಿಟ್ಟಳು. ಭಾವ ಕೆಂಪು ಚೌಕಗಳ ಮೇಲೆ ಬೆರಳು ಓಡಿಸಿ, ಒಂದು ಕಡೆ ನಿಲ್ಲಿಸಿ, ಇಲ್ಲಿಯೇ ಅಂದ. ಅಷ್ಟು ಹೊತ್ತಿಗೆ ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದ್ದಳು. ಪಿಳಿ ಡಾಕ್ಟರ ಹಾಳೆಯನ್ನೂ ಇಟ್ಟಳು, ನೂರ ಎಂಬತ್ತರ ಕಥೆಯನ್ನು ತಡೆತಡೆದು ಹೇಳಿದಳು. ಅಕ್ಕ ಕಣ್ಣೊರೆಸಿಕೊಂಡು ಹಾಳೆ ಓದಿ, ಪೆನ್ನು ಹುಡುಕಲು ಎದ್ದಳು.

“ಹಾಕಿಬಿಡೇ,” ಅಂದಳು. “ನಿನಗೇನು ಹೋಗುತ್ತೆ? ನಿನ್ನನ್ನ ಯಾರು ಗುರುತಿಟ್ಟುಕೊಳ್ತಾರೆ?”

ಅಕ್ಕ ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ ಎಂದು ಪಿಳಿಗೆ ಗೊತ್ತಿತ್ತು. ಎರಡು ಮನೆ ಆಚೆ ಒಬ್ಬಳು ಗುರುತಿಟ್ಟುಕೊಳ್ಳುತ್ತಾಳೆ ಎಂದೂ ಗೊತ್ತಿತ್ತು. ಇಷ್ಟು ದಿನ ಭಾವನನ್ನು ಕಂಡು ಸುತ್ತುದಾರಿ ಹಿಡಿಯುತ್ತಿದ್ದವಳು ಇನ್ನು ತನ್ನನ್ನು ಕಂಡು ಹಿಡಿಯುತ್ತಾಳೆ, ಅಷ್ಟೇ ವ್ಯತ್ಯಾಸ.

ಭಾವ ಹಾಳೆಯನ್ನು ಮುಟ್ಟಿರಲಿಲ್ಲ. ಅವಳನ್ನೇ ನೋಡುತ್ತಿದ್ದ. “ಬಾಣ ತಿರುಗಾಮುರುಗಾ ಇರೋದು ನಿನಗೆ ಯಾವಾಗ ಗೊತ್ತಾಯ್ತು?”

“ಮುಂಚೆನೇ.”

“ಮುಂಚೆ ಅಂದ್ರೆ?”

“ನಾಲ್ಕು ತಿಂಗಳು.”

ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು. “ದಿನಾ ಬೆಳಗ್ಗೆ ಹಲಗೆ ಹತ್ರ ನನ್ನ ಪಕ್ಕ ನಿಲ್ತಿದ್ದೆ,” ಅಂದ. “ಡಾಕ್ಟ್ರಿಗೆ ಹೇಳೋಕೆ ನಾಚಿಕೆ, ಸರಿ. ನನಗೆ ಹೇಳಬಹುದಿತ್ತು. ಅವನಿಗೆ ಹೇಳಬಹುದಿತ್ತು.”

ಅವನು ಎಂದರೆ ಮೆಕ್ಯಾನಿಕ್. ಭಾವ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಅಂದಿನಿಂದ ಅವಳೊಂದಿಗೆ ಮಾತು ಬಿಟ್ಟ. ಪಿಳಿ ಪಾತ್ರೆ ತಿಕ್ಕುತ್ತ, ಯಾರ ಮೇಲೆ ಕೋಪ ಮಾಡಿಕೊಳ್ಳಬೇಕೆಂದು ಒಬ್ಬೊಬ್ಬರನ್ನೇ ಮುಂದೆ ನಿಲ್ಲಿಸಿಕೊಂಡಳು. ಡಾಕ್ಟರು, ಚಹಾದ ಹೊತ್ತಿನಲ್ಲಿ ನಕ್ಕವರು, ಮೆಮೊ ಬರೆದವರು, ಪೆನ್ನು ತಂದ ಅಕ್ಕ. ಎಲ್ಲರ ಸರದಿ ಮುಗಿದ ಮೇಲೂ ಕೋಪ ಉಳಿದಿತ್ತು. ಅದು ಯಾರ ಮೇಲೆಂದು ತಿಳಿದಾಗ ಕೈಯಲ್ಲಿದ್ದ ಬಾಣಲೆಯನ್ನು ಬಚ್ಚಲಿಗೆ ಎತ್ತಿ ಹಾಕಿದಳು.

ಬುಧವಾರ ಅವಳು ಸಹಿ ಹಾಕಲಿಲ್ಲ, ಹಾಕುವುದಿಲ್ಲ ಎಂದೂ ಹೇಳಲಿಲ್ಲ. ಡಾಕ್ಟರು ಎರಡು ಸಲ ಬಂದು, ಹಾಳೆ ತಂದೆಯಾ ಎಂದು ಕೇಳಿದರು. ಅವಳು ತಲೆ ತಗ್ಗಿಸಿ ಕೂತಿದ್ದಳು. ಮೂರನೇ ಸಲ ಅವರು ಕೇಳಲಿಲ್ಲ. ಅವಳ ಮೌನವನ್ನು ತಮಗೆ ಬೇಕಾದ ಕಡೆಗೆ ತಿರುಗಿಸಿಕೊಂಡು, ಅವಳು ಒಪ್ಪಿಕೊಂಡಿದ್ದಾಳೆಂದು ಇನ್ನೊಂದು ಹಾಳೆ ಮುದ್ರಿಸಿ ಕಡತಕ್ಕೆ ಸೇರಿಸಿದರು. ಪಿಳಿ ಅದನ್ನೂ ನೋಡಿದಳು.

ವಿಚಾರಣೆ ನಡೆದದ್ದು ಬಂದರು ಕಚೇರಿಯ ಮೊದಲ ಮಹಡಿಯ ಕೋಣೆಯಲ್ಲಿ. ಉದ್ದನೆಯ ಮೇಜು, ಕೀರಲು ಫ್ಯಾನು, ಗೋಡೆಯ ಮೇಲೆ ಹಳೆಯ ನಕ್ಷೆ. ಮೇಜಿನ ತುದಿಯಲ್ಲಿ ಬಂದರಿನ ಕ್ಯಾಪ್ಟನ್ ಮೇಡಂ ಕೂತಿದ್ದರು. ಹಡಗಿನಲ್ಲಿ ಇಪ್ಪತ್ತು ವರ್ಷ ದುಡಿದು ದಡ ಹತ್ತಿದವರು. ಮಾತು ಕಡಿಮೆ, ಕನ್ನಡಕದ ಮೇಲಿಂದ ನೋಡುವುದೇ ಜಾಸ್ತಿ. ಭಾವ ಒಂದು ಕಡೆ ಒಂಟಿ ಕುರ್ಚಿಯಲ್ಲಿದ್ದ. ಬೆಂಚಿನ ಮೇಲೆ ಮೆಕ್ಯಾನಿಕ್‌ನ ಹೆಂಡತಿ, ಗಂಡನ ಊಟದ ಡಬ್ಬಿ ಇಡುತ್ತಿದ್ದ ಚೀಲವನ್ನೇ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಪಿಳಿ ಬಾಗಿಲ ಪಕ್ಕ, ಗೋಡೆಗೆ ಒತ್ತಿಕೊಂಡು ನಿಂತಿದ್ದಳು.

ಡಾಕ್ಟರು ಎದ್ದು, ಲೆಕ್ಕದಲ್ಲಿ ಒಂದು ಸಣ್ಣ ತಿದ್ದುಪಡಿ ಇದೆ ಎಂದರು. ಅಲೆಯ ಎತ್ತರ ಎರಡು ಮೀಟರ್ ತೊಂಬತ್ತು ಎಂದು ಓದಬೇಕು ಎಂದರು. ಕೋಣೆ ಕದಲಿತು. ಮೇಡಂ ಕನ್ನಡಕ ತೆಗೆದರು. ಇದು ಸಣ್ಣ ತಿದ್ದುಪಡಿಯೇ ಎಂದು ಕೇಳಿದರು.

“ಮಾದರಿಯಲ್ಲಿ ದೋಷ ಇಲ್ಲ, ಮೇಡಂ,” ಅಂದರು ಡಾಕ್ಟರು. “ಅಂಕಿಗಳ ನಮೂದಿನಲ್ಲಿ ಲೋಪ ಆಗಿದೆ. ಆ ಹುಡುಗಿ ಹೆಚ್ಚು ಓದಿದವಳಲ್ಲ. ಒಪ್ಪಿಕೊಂಡಿದ್ದಾಳೆ.”

ಎಲ್ಲರ ಕಣ್ಣೂ ಬಾಗಿಲ ಕಡೆ ತಿರುಗಿತು. ಮೆಕ್ಯಾನಿಕ್‌ನ ಹೆಂಡತಿಯ ಕಣ್ಣೂ. ಆ ನೋಟ ಬಂದು ಎದೆಗೆ ತಾಕಿದಾಗ ಪಿಳಿಯ ಒಳಗೆ ಎರಡು ಕಡೆಯಿಂದ ಏನೋ ನುಗ್ಗಿ ಬಂದು ಒಂದಕ್ಕೊಂದು ಹೊಡೆಯಿತು. ಒಂದು ಅವಳ ಅಂಜಿಕೆ. ಇನ್ನೊಂದು ಕೋಪ; ಅದಕ್ಕೆ ಈಗ ಹೋಗಲು ಬೇರೆ ಜಾಗವಿರಲಿಲ್ಲ.

“ಒಪ್ಪಿಕೊಂಡಿಲ್ಲ,” ಅಂದಳು.

ಧ್ವನಿ ಕೀರಲಾಗಿ ಬಂತು, ಫ್ಯಾನಿನ ಹಾಗೆ. ಯಾರೂ ನಗಲಿಲ್ಲ. ಅವಳು ಗೋಡೆ ಬಿಟ್ಟು ಮೇಜಿನವರೆಗೆ ನಡೆದು, ಹಳದಿ ಚೀಟಿಯನ್ನು ಮೇಡಂ ಮುಂದೆ ಇಟ್ಟಳು. ಪಕ್ಕದಲ್ಲಿ ತನ್ನ ದಿನಚರಿ ಪುಸ್ತಕ ತೆರೆದಿಟ್ಟಳು. ಕಚೇರಿಯಲ್ಲಿ ಯಾರು ಏನು ಹೇಳಿದರೂ, ಮರೆತು ಮತ್ತೆ ಕೇಳಬೇಕಾದೀತೆಂಬ ಹೆದರಿಕೆಗೆ, ಆ ದಿನವೇ ಬರೆದಿಟ್ಟುಕೊಳ್ಳುವುದು ಅವಳ ಅಭ್ಯಾಸ. ನಾಲ್ಕು ತಿಂಗಳ ಹಿಂದಿನ ಪುಟದಲ್ಲಿ, ಸೊಟ್ಟ ಅಕ್ಷರದಲ್ಲಿ, ‘ಸೆಳೆತದ ಕಾಲಂಗೆ ದಿನಾ 180 ಸೇರಿಸಬೇಕು, ಡಾಕ್ಟರು ಹೇಳಿದ್ದು’ ಎಂದಿತ್ತು. ಅದರ ಕೆಳಗೆ ಅಡಿಗೆರೆ ಎಳೆದು ತಪ್ಪದೆ ಸೇರಿಸಬೇಕು ಎಂದೂ ಇತ್ತು.

ಮೇಡಂ ಚೀಟಿ ಓದಿದರು, ಪುಟ ಓದಿದರು, ಡಾಕ್ಟರ ಮುಖ ಓದಿದರು. ಡಾಕ್ಟರು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದರು. ಮೇಡಂ ಸೆಳೆತವನ್ನು ತಿರುಗಿಸಿ ಹಾಕಲು ಹೇಳಿದ್ದು ಹೌದೇ ಎಂದು ಅವರನ್ನು ಒಮ್ಮೆ ಮಾತ್ರ ಕೇಳಿದರು. ಅವರು ಹೌದು ಎಂದು ತಲೆಯಾಡಿಸಿ ಕೂತರು.

ಆಮೇಲೆ ಮೇಡಂ ಪಿಳಿಯ ಕಡೆ ತಿರುಗಿದರು. “ಬಾಣ ತಪ್ಪಿದೆ ಅಂತ ನಿನಗೆ ಗೊತ್ತಾಗಿತ್ತಾ?”

“ಗೊತ್ತಾಗಿತ್ತು.”

“ಮತ್ತೆ?”

ಪಿಳಿ ಬೆಂಚಿನ ಕಡೆ ತಿರುಗಿ, ಚೀಲ ಹಿಡಿದು ಕೂತವಳಿಗೆ ಹೇಳಿದಳು. “ಒಂದು ಸಲ ಹೇಳಿದೆ, ನಕ್ಕರು. ಇನ್ನೊಂದು ಸಲ ಹೇಳಬೇಕಿತ್ತು, ಹೇಳಲಿಲ್ಲ. ಭಾವನಿಗೂ ಹೇಳಲಿಲ್ಲ, ನಿಮ್ಮ ಯಜಮಾನರಿಗೂ ಹೇಳಲಿಲ್ಲ. ಅದು ನನ್ನದು. ನೂರ ಎಂಬತ್ತು ನನ್ನದಲ್ಲ.”

ಆ ಹೆಂಗಸು ಚೀಲವನ್ನು ತೊಡೆಯಿಂದ ಪಕ್ಕಕ್ಕಿಟ್ಟಳು. ಆಮೇಲೆ ಎರಡು ಮೀಟರ್ ತೊಂಬತ್ತು ಅಂದರೆ ಎಷ್ಟು ಎಂದು ಕೇಳಿದಳು. ಯಾರಿಗೆ ಕೇಳಿದಳೋ ತಿಳಿಯಲಿಲ್ಲ. ಒಂಟಿ ಕುರ್ಚಿಯಿಂದ ಭಾವ, ಮೂರು ವಾರದಲ್ಲಿ ನೂರು ಸಲ ಹೇಳಿದ್ದನ್ನೇ, ಆ ಬಾಗಿಲಿಗಿಂತ ಎರಡು ಮೊಳ ಅಂದ. ಅವಳು ತಲೆಯೆತ್ತಿ ಬಾಗಿಲ ಪಟ್ಟಿಯನ್ನು, ಅದರ ಮೇಲಿನ ಬರಿಗೋಡೆಯನ್ನು ನೋಡಿದಳು. ನೋಟ ಇಳಿಸಿದಾಗ ಅದು ಭಾವನ ಮುಖದ ಮೇಲೆ ನಿಂತಿತು, ತಪ್ಪಿಸಿಕೊಳ್ಳಲಿಲ್ಲ. ಪಿಳಿಯ ಮೇಲೆ ನಿಲ್ಲದೆ ಸರಿದು ಹೋಯಿತು.

ಮೇಡಂ ಸುತ್ತೋಲೆಯನ್ನು ಅಲ್ಲೇ ತರಿಸಿ ಅಡ್ಡಗೆರೆ ಎಳೆದರು. ವರದಿಯಲ್ಲಿ ಭಾವನ ಹೆಸರಿನ ಮುಂದಿದ್ದ ಸಾಲನ್ನೂ ಹೊಡೆದು ಹಾಕಿ ಸಹಿ ಮಾಡಿದರು. ಡಾಕ್ಟರನ್ನು ಉಳಿದುಕೊಳ್ಳಲು ಹೇಳಿದರು. ಪಿಳಿಗೆ ಹೋಗು ಎಂದರು, ನಾಳೆ ಕೆಲಸಕ್ಕೆ ಬಾ ಎಂದಾಗಲಿ ಬರಬೇಡ ಎಂದಾಗಲಿ ಹೇಳಲಿಲ್ಲ.

ಆಗ ನಾಲ್ಕು ಗಂಟೆ. ಸಂಜೆಯ ಇಳಿತ ಶುರುವಾಗಿತ್ತು, ಹಲಗೆ ತುಂಬುವ ಹೊತ್ತು. ಕಾಲುಗಳು ಅಭ್ಯಾಸಬಲದಿಂದ ಅವಳನ್ನು ಜೆಟ್ಟಿಗೆ ಒಯ್ದವು. ನಾಲ್ಕೈದು ದೋಣಿಯವರು ಹಲಗೆಯ ಮುಂದೆ ನಿಂತು ಕಾಯುತ್ತಿದ್ದರು. ಬೆಳಗ್ಗೆ ಬರೆದ ಅಂಕಿ ಇನ್ನೂ ಹಾಗೆಯೇ ಇತ್ತು, ಗೊತ್ತಿದ್ದೂ ನೂರ ಎಂಬತ್ತು ಸೇರಿಸಿ ಬರೆದದ್ದು, ಅವಳದೇ ಅಕ್ಷರದಲ್ಲಿ. ಒದ್ದೆ ಬಟ್ಟೆ ತೆಗೆದುಕೊಂಡು ಒರೆಸಿದಳು. ಒಂದು ಸಲಕ್ಕೆ ಹೋಯಿತು, ಆದರೂ ಮೂರು ಸಲ ಒರೆಸಿದಳು. ಹಲಗೆ ಅಲುಗಾಡುವಷ್ಟು ಜೋರಾಗಿ. ಆಮೇಲೆ ಬರೆದಳು. ಒತ್ತಿದ ರಭಸಕ್ಕೆ ಸುಣ್ಣದಕಡ್ಡಿ ಮುರಿಯಿತು. ಮುರಿದ ತುಂಡಿನಲ್ಲೇ ಮುಗಿಸಿದಳು.

‘ಇವತ್ತು ಅಂಕಿ ಇಲ್ಲ. ನೀರು ನೋಡಿ ಹೊರಡಿ.’

ದೋಣಿಯವರು ಓದಿದರು. ಒಬ್ಬರಾದ ಮೇಲೆ ಒಬ್ಬರು ಹಲಗೆಗೆ ಬೆನ್ನು ಹಾಕಿ ಅಳಿವೆಯ ಕಡೆ ತಿರುಗಿ ನಿಂತರು. ಅಲ್ಲಿ ನದಿ ಹೊರಗೆ ನುಗ್ಗುತ್ತಿತ್ತು, ಅಲೆಗಳು ಒಳಗೆ ನುಗ್ಗುತ್ತಿದ್ದವು, ನಡುವೆ ಬಿಳಿಯ ಗೋಡೆಯೊಂದು ಏಳುತ್ತ ಬೀಳುತ್ತ ಇತ್ತು.

ಬೆನ್ನ ಹಿಂದೆ ಹೆಜ್ಜೆ ಕೇಳಿ ಪಿಳಿ ತಿರುಗಿದಳು. ಭಾವ ನಿಂತಿದ್ದ. ಮುಖದ ಗಂಟು ಬಿಚ್ಚಿರಲಿಲ್ಲ. ಅದು ಇಂದು ನಾಳೆ ಬಿಚ್ಚುವುದೂ ಅಲ್ಲ ಎಂದು ಅವಳಿಗೆ ಕಂಡಿತು. ಅವನು ಹಲಗೆಯನ್ನು ಮೇಲಿಂದ ಕೆಳಗೆ ಓದಿದ.

“ಅಕ್ಷರ ಇನ್ನೂ ಸೊಟ್ಟ,” ಅಂದ. ಎರಡು ದಿನದಲ್ಲಿ ಅವಳಿಗೆ ಆಡಿದ ಮೊದಲ ಮಾತು. ನಗಲಿಲ್ಲ. ದೋಣಿಯವರ ಪಕ್ಕಕ್ಕೆ ಹೋಗಿ, ಅವರಂತೆಯೇ ನೀರಿನ ಕಡೆ ಮುಖ ಮಾಡಿ ನಿಂತ. ಪಕ್ಕದಲ್ಲಿ ಅವಳಿಗೊಂದು ಜಾಗ ಬಿಟ್ಟಿದ್ದನೋ, ಸುಮ್ಮನೆ ಹಾಗೆ ನಿಂತಿದ್ದನೋ. ಪಿಳಿ ಕೈಗೆ ಅಂಟಿದ ಸುಣ್ಣವನ್ನು ಒರೆಸಿಕೊಳ್ಳದೆ ಹೋಗಿ ಅಲ್ಲಿ ನಿಂತಳು.